ಹೆಸರಿನಲ್ಲಿ ವ್ಯತ್ಯಾಸವಿದೆ

ಈ ಕಿಟಕಿಯ ಹಿಂದೆ ಹತ್ತೊಂಬತ್ತು ವರ್ಷ ಕೂತಿದ್ದೇನೆ.
ವಿರಾಜಪೇಟೆಯ ಸಾವುಗಳೆಲ್ಲ ನನ್ನ ಕೈ ದಾಟಿಯೇ ಹೋಗಬೇಕು.
ಒಂದು ದೀರ್ಘ ತಪ್ಪಿದರೂ ಅರ್ಜಿ ವಾಪಸ್ಸು.
ಮೊನ್ನೆ ಗುರುವಾರ ಲೈನ್‌ಮನೆಯಿಂದ ಬೊಳ್ಕ ಬಂದಿದ್ದ,
ಹೆಂಡತಿಯದು ಕಾರ್ಡಿನಲ್ಲಿ ಒಂದು ಹೆಸರು, ಆಸ್ಪತ್ರೆ ಚೀಟಿಯಲ್ಲಿ ಇನ್ನೊಂದು.
ಕೆಂಪು ಶಾಯಿಯಲ್ಲಿ ಬರೆದೆ: ಹೆಸರಿನಲ್ಲಿ ವ್ಯತ್ಯಾಸವಿದೆ.
ಕಾಗದ ಮಡಚಿ ಟೋಪಿಯೊಳಗೆ ಇಟ್ಟುಕೊಂಡು ಹೋದ.

ರಾತ್ರಿ, ನಿದ್ದೆ ಬಾರದ ಚಟಕ್ಕೆ,
ಹಳೆಯ ದಾಖಲೆಗಳ ತಾಣವೊಂದನ್ನು ಫೋನಿನಲ್ಲಿ ತಿರುವುತ್ತಿದ್ದೆ.
ಯಾವನೋ ದೊರೆಯ ಮರಿಮಕ್ಕಳು, ಕಡಲಾಚೆಯವರು,
ತಮ್ಮ ಮುತ್ತಾತನ ನೆನಪಿಗೆ ಏರಿಸಿಟ್ಟ
ಕರಡಿಬಾಣೆ ತೋಟದ ಲೆಕ್ಕದ ಪುಸ್ತಕ.
ಪುಟ ಎಪ್ಪತ್ತೊಂದರಲ್ಲಿ ಅವನ ಕುದುರೆಯ ಸಾವು, ಐದು ಸಾಲು.
ಅದರ ಕೆಳಗೆ, ಗೆದ್ದಲು ಬಿಟ್ಟಷ್ಟು:

ಪೀಡಾ. ಹೆಣ್ಣಾಳು. ಪ್ರಾಯ ಸುಮಾರು ಇಪ್ಪತ್ತೆರಡು.
ಊರು ವೀರರಾಜೇಂದ್ರಪೇಟೆ. ಜಾತಿ ಕಿರಿಸ್ತಾನ.
ಅಕ್ಟೋಬರ್ ಇಪ್ಪತ್ತಾರು, ಹದಿನೆಂಟನೇ ಇಸವಿ, ಶನಿವಾರ. ಜ್ವರ.
ಕಂಬಳಿ ಸುಟ್ಟಿದೆ. ಗುಂಡಿಗೆ ನಾಲ್ಕಾಣೆ.
ಮುಂಗಡದ ಬಾಕಿ ಮೂರು ರೂಪಾಯಿ, ವಜಾ.

ಪೀಡಾ ಅಂತ ಯಾವ ತಾಯಿ ಹೆಸರಿಡುತ್ತಾಳೆ?
ಆ ಇಂಗ್ಲಿಷ್ ಅಕ್ಷರಗಳನ್ನು ಬಾಯೊಳಗೆ ಹಾಕಿ ಹೊರಳಿಸಿದೆ,
ಪೀಡಾ, ಪಿಯೆದಾ, ಪಿಯಾದ್.
ಪಿಯಾದ್. ನಮ್ಮವರಲ್ಲಿ ಹಾಗೆಂದರೆ ಕರುಣೆ.
ಪಿಯಾದ್ ನನ್ನ ಅಜ್ಜಿಯ ತಾಯಿ.

ಮನೆಯಲ್ಲಿ ಈ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ.
ಹಾಲು ಬಿಡದ ಕೂಸನ್ನು ಚಾಪೆಯ ಮೇಲೆ ಬಿಟ್ಟು
ಪೆರುಂಬಾಡಿ ದಾರಿಯಲ್ಲಿ ಗಾಡಿಯವನೊಬ್ಬನ ಹಿಂದೆ ಘಟ್ಟ ಇಳಿದವಳು.
ಪೀಡೆ ತೊಲಗಿತು ಅಂದರಂತೆ ಆಗಿನ ಹಿರಿಯರು.
ಆ ಕೂಸು, ನನ್ನ ಮೊಂತಿನಜ್ಜಿ, ಎಂಬತ್ತಮೂರು ವರ್ಷ ಬದುಕಿದಳು.
ಎತ್ತಿನ ಗಂಟೆ ಕೇಳಿಸಿದರೆ ಕಿಟಕಿ ಮುಚ್ಚುತ್ತಿದ್ದಳು,
ಗಾಡಿಗಳು ಹೋಗಿ ಲಾರಿಗಳು ಬಂದ ಮೇಲೆ ಲಾರಿಗೂ ಮುಚ್ಚಿದಳು.
ಸತ್ತವರ ಹಬ್ಬದ ದಿನ ಇಗರ್ಜಿಯ ಹಿಂದೆ
ಗಂಡನಿಗೊಂದು, ಅಪ್ಪನಿಗೊಂದು,
ಹುಟ್ಟುತ್ತಲೇ ಹೋದ ಮಗನಿಗೊಂದು ಮೇಣದಬತ್ತಿ.
ಕಟ್ಟಿನಲ್ಲಿ ನಾಲ್ಕಿರುತ್ತಿದ್ದವು.
ನಾಲ್ಕನೆಯದನ್ನು ಸೆರಗಿನಲ್ಲಿ ಸುತ್ತಿ ವಾಪಸ್ಸು ತರುತ್ತಿದ್ದಳು,
ಕರೆಂಟು ಹೋದಾಗ ಬೇಕು ಅಂತ.

ಅವಳು ಹೋದದ್ದು ಸಿದ್ದಾಪುರದ ಕಡೆಗೆ.
ಮೇಸ್ತ್ರಿ ಎಣಿಸಿದ ಮುಂಗಡಕ್ಕೆ ಹೆಬ್ಬೆಟ್ಟೊತ್ತಿ,
ಹಣ್ಣು ಕೊಯ್ದು ಮುಗಿಸಿ ಬರುವ ಲೆಕ್ಕ ಹಾಕಿ.
ಆ ಮುಂಗಡ ಯಾರ ಕೈ ಸೇರಿತು,
ಗಾಡಿಯವನ ಕಥೆ ಮೊದಲು ಕಟ್ಟಿದ್ದು ಯಾರು,
ಎರಡೂ ಒಂದೇ ಮನೆಯ ಒಂದೇ ಮನುಷ್ಯನೇ?
ಅಪ್ಪನಿಗೊಂದು ಮೇಣದಬತ್ತಿ ಹಚ್ಚುತ್ತಿದ್ದಳಲ್ಲ,
ವರ್ಷವೂ ತಪ್ಪದೆ.

ಪುರಾವೆ ಏನಿದೆ, ಕೇಳಿದಳು ನನ್ನೊಳಗಿನ ಗುಮಾಸ್ತೆ.
ಗಂಡನ ಹೆಸರಿಲ್ಲ, ಹುಟ್ಟಿದ ದಿನವಿಲ್ಲ,
ಪಿಯಾದರು ಆ ಕಾಲಕ್ಕೆ ಬೀದಿಗೆ ಇಬ್ಬರು.
ನನ್ನ ಕಿಟಕಿಗೆ ಬಂದಿದ್ದರೆ ಈ ಅರ್ಜಿಯನ್ನು ನಾನೇ ಹಿಂತಿರುಗಿಸುತ್ತಿದ್ದೆ.
ತಾಣ ಕೇಳಿತು: ಈ ವ್ಯಕ್ತಿ ನಿಮಗೆ ಏನಾಗಬೇಕು?
ಪಟ್ಟಿಯಲ್ಲಿ ಹುಡುಕಿ ಒತ್ತಿದೆ, ಮುತ್ತಜ್ಜಿ.
ಸಾಕ್ಷಿ ಕೇಳಲಿಲ್ಲ ಅದು.
ಅಜ್ಜಿಯ ಗೋರಿ ಮನೆಯಿಂದ ನಾನೂರು ಹೆಜ್ಜೆ.
ಭಾನುವಾರ ಹೋಗಿ ನಿಂತೆ, ಹುಲ್ಲು ಕಿತ್ತೆ,
ಹೇಳಲು ಮಾತು ಕೂಡಲಿಲ್ಲ.

ಸೋಮವಾರ ಬೊಳ್ಕ ಮತ್ತೆ ಬಂದ.
ಟೋಪಿಯೊಳಗಿನ ಕಾಗದ ಬೆವರಿಗೆ ಮೆತ್ತಗಾಗಿತ್ತು.
ಕಾರ್ಡು ಆಮೇಲೆ ನೋಡುವಾ, ಅಂದೆ, ಚೀಟಿಯೂ ಇರಲಿ,
ಮನೆಯಲ್ಲಿ ನೀವು ಅವರನ್ನು ಏನಂತ ಕರೀತಿದ್ರಿ?
ಅವನು ಹೇಳಿದ.
ಅದೇ ಹೊತ್ತಿಗೆ ಗೋಣಿಕೊಪ್ಪದ ಬಸ್ಸು ಹಾರನ್ ಒತ್ತಿತು,
ಕಿಟಕಿಯ ಬಾಗಿಲಿಗೆ ತಾನಾಗಿ ಹೋಗಿತ್ತು ನನ್ನ ಕೈ.
ಕೈ ಹಿಂದೆಳೆದು, ಸರಳಿಗೆ ಕಿವಿ ಹಚ್ಚಿ ಅಂದೆ,
ಇನ್ನೊಂದು ಸಲ ಹೇಳಿ.